ಹಂಪವ್ವ ಕೂತ ಕಟ್ಟೆ

ನವಣಿಹಾಳದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆಂದು ಹೆದ್ದಾರಿ ಬಿಟ್ಟು ಒಳಗೆ ತಿರುಗಿದವರಿಗೆ ಎಡಗಡೆ ಉದ್ದಕ್ಕೂ ತಂತಿಯ ಬೇಲಿ ಜೊತೆಯಾಗುತ್ತದೆ. ಬೇಲಿ ನೂಲು ಹಿಡಿದು ಹಾಕಿದಂತೆ ನೆಟ್ಟಗೆ ಸಾಗಿ, ವಿಮಾನಗಳು ನಿಲ್ಲುವ ಅಂಗಳದ ಈಶಾನ್ಯ ಮೂಲೆಗೆ ಬಂದಾಗ ಇದ್ದಕ್ಕಿದ್ದಂತೆ ಒಳಕ್ಕೆ ಬಾಗುತ್ತದೆ. ಅರ್ಧ ಸುತ್ತು ಹಾಕಿ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಹಾಗೆ ಹೊರಗೆ ಬಿಟ್ಟ ಜಾಗದಲ್ಲಿ ಮೊಣಕಾಲೆತ್ತರದ ದುಂಡು ಕಲ್ಲಿನ ಕಟ್ಟೆಯೊಂದಿದೆ. ಅದರ ಮೇಲೆ ದೇವರಿಲ್ಲ, ದೀಪವಿಲ್ಲ, ಹೆಸರು ಬರೆದ ಹಲಗೆಯೂ ಇಲ್ಲ. ಯಾರೋ ದೊಡ್ಡವರ ಜಮೀನು ಉಳಿಸಲು ಬೇಲಿ ಬಗ್ಗಿಸಿದರು ಎಂದು ಕೆಲವರು, ಅಳತೆ ಹಿಡಿದವನಿಗೆ ಆವತ್ತು ತಲೆ ಸರಿ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಆಟೋದವರನ್ನು ಕೇಳಿದರೆ ಮಾತ್ರ ತಿರುಗಿಯೂ ನೋಡದೆ 'ಹಂಪವ್ವ ಕೂತ ಕಟ್ಟೆ' ಎನ್ನುತ್ತಾರೆ. ಹೊಸಬರು ಆಕೆ ಯಾವ ಕಾಲದ ರಾಣಿ, ಯಾವ ಮಠದ ಶರಣೆ ಎಂದು ಮರುಪ್ರಶ್ನೆ ಹಾಕುವುದುಂಟು. ಆಕೆ ಎರಡೂ ಅಲ್ಲ. ನವಣಿಹಾಳದ ಒಬ್ಬ ಒಕ್ಕಲಗಿತ್ತಿ. ಹೆದರಿಕೊಂಡ ಹೆಂಗಸು. ಆಕೆ ಹೆದರಿದಷ್ಟು ಈ ಸೀಮೆಯಲ್ಲಿ ಇನ್ನೊಬ್ಬರು ಹೆದರಿರಲಿಕ್ಕಿಲ್ಲ.

ಈಗ ವಿಮಾನಗಳು ನಿಲ್ಲುವ ಅಂಗಳವಿರುವಲ್ಲೇ ಹಿಂದೆ ನವಣಿಹಾಳ ಎಂಬ ಊರಿತ್ತು. ಸುತ್ತ ಎರೆಭೂಮಿ, ಊರು ಕೂತದ್ದು ಮಾತ್ರ ಗಟ್ಟಿ ಗರಸಿನ ಏರಿನ ಮೇಲೆ. ಗರಸು ನೆಲವೆಂದರೆ ಹಗೇವಿಗೆ ಹೇಳಿಮಾಡಿಸಿದ್ದು. ಹಗೇವು ನೋಡದವರಿಗಾಗಿ ಎರಡು ಮಾತು: ನೆಲದೊಳಗೆ ಎರಡಾಳುದ್ದ ಅಗೆದು, ಒಳಗೆ ಹೊಟ್ಟೆ ಅಗಲಿಸಿ, ಮೇಲೆ ಒಬ್ಬರು ತೂರುವಷ್ಟೇ ಬಾಯಿ ಬಿಟ್ಟು ಮಾಡಿದ ಧಾನ್ಯದ ಗುಂಡಿ ಅದು. ಜೋಳ ತುಂಬಿ, ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಸಾರಿಸಿಬಿಟ್ಟರೆ ಅಲ್ಲೊಂದು ಗುಂಡಿ ಇದೆಯೆಂದು ಮೇಲೆ ನಡೆದವನಿಗೂ ತಿಳಿಯದು. ಕೊಳ್ಳೆಯವರ ಕಾಲದಲ್ಲಿ ಇದೇ ಊರನ್ನು ಉಳಿಸಿತು ಎನ್ನುತ್ತಾರೆ. ಆದರೆ ಹಗೇವಿಗೆ ಒಂದು ಕೆಟ್ಟ ಗುಣವಿದೆ. ಬಹಳ ದಿನ ಮುಚ್ಚಿದ ಹಗೇವಿನೊಳಗೆ ಗಾಳಿ ಸತ್ತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಇಳಿದವನು ಎರಡು ಉಸಿರು ಎಳೆಯುವಷ್ಟರಲ್ಲಿ ಕಾಲು ಮಡಚಿ ಕೂರುತ್ತಾನೆ, ಮತ್ತೆ ಏಳುವುದಿಲ್ಲ. ಆದ್ದರಿಂದ ಬಾಯಿ ತೆರೆದು ದಿನವೊಪ್ಪತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟು, ಕಂದೀಲು ಆರದೆ ನಿಂತರೆ ಮಾತ್ರ ಮನುಷ್ಯ ಇಳಿಯಬೇಕು. ಈ ಕಡೆ ತೊಟ್ಟಿಲಿನ ಕೂಸಿಗೂ ಗೊತ್ತಿರುವ ರೀತಿ ಇದು.

ಗೊತ್ತಿದ್ದೂ ಒಮ್ಮೆ ತಪ್ಪಿದರು. ಹಿಂದೆ, ಅಜ್ಜನ ಅಜ್ಜನ ಕಾಲಕ್ಕಿಂತ ಹಿಂದೆ, ಮೂರು ವರ್ಷ ಮಳೆ ಹೋಗಿ ಜನ ಹುಲ್ಲಿನ ಬೀಜ ತಿನ್ನುವ ಹೊತ್ತು ಬಂದಾಗ ಊರವರು ಊರ ಹಗೇವನ್ನು ತೆಗೆದರಂತೆ. ಅದು ಎಲ್ಲರ ಪಾಲು ಕೂಡಿಸಿ ತುಂಬಿಟ್ಟದ್ದು. ಒಂದು ದಿನ ಕಾಯಲು ಹೊಟ್ಟೆ ಬಿಡಲಿಲ್ಲ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯವ ಕಂದೀಲು ಇಳಿಸದೆ ತಾನೇ ಇಳಿದ. ಕೂಗಿದರೆ ಓ ಅನ್ನಲಿಲ್ಲ. ಅವನನ್ನು ತರಲು ನಡುವಿನವ ಇಳಿದ. ಅವನಿಗಾಗಿ ಕಿರಿಯವ ಇಳಿದ. ನಾಲ್ಕನೆಯವರು ಇಳಿಯುವ ಮೊದಲು ಅವರ ತಾಯಿಯೇ ಬಾಯಿಗೆ ಕಲ್ಲು ಎಳೆಸಿದಳು ಎನ್ನುತ್ತಾರೆ. ಒಳಗೆ ಜೋಳವೂ ಉಳಿಯಿತು, ಮಕ್ಕಳೂ ಉಳಿದರು. ಒಳಗೆ ಕಾಳಿದೆಯೆಂದು ತಿಳಿದರೆ ಹಸಿದವರು ಮತ್ತೆ ಇಳಿಯುತ್ತಾರೆಂದು ಆಕೆ ಅದರ ಮೇಲೆ ದನದ ಕೊಟ್ಟಿಗೆ ಹಾಕಿಸಿದಳು. ಊರವರು ಆ ಮಾತನ್ನು ಮತ್ತೆ ಎತ್ತಬಾರದೆಂದು ಆಣೆ ಇಟ್ಟುಕೊಂಡರು. ಜಾಗ ಯಾವುದೆಂಬುದು ಕಡೆಗೆ ಆ ಮನೆಯ ಹಿರಿಸೊಸೆಯೊಬ್ಬಳಿಗೆ ಮಾತ್ರ ಉಳಿಯಿತು. ಕೊಟ್ಟಿಗೆಯಲ್ಲಿ ಯಾರೂ ನೆಲ ಅಗೆಯದಂತೆ, ಒಲೆ ಹೂಡದಂತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸವಾಯಿತು.

ತಲೆಮಾರುಗಳು ದಾಟುತ್ತಾ ಗುಟ್ಟು ಮಾಡಿದ ಕಾರಣ ಮರೆತುಹೋಗಿ ಹೆದರಿಕೆ ಮಾತ್ರ ಬೆಳೆಯಿತು. ಜಾಗದ ಗುಟ್ಟು ಬಾಯಿಬಿಟ್ಟವಳ ಮನೆಯಿಂದ ಹಗೇವು ಒಂದು ಉಸಿರನ್ನು ಎಳೆದುಕೊಳ್ಳುತ್ತದೆ, ಅದೂ ಅಮಾವಾಸ್ಯೆಯ ದಿನ ನೋಡಿ ಎಳೆದುಕೊಳ್ಳುತ್ತದೆ ಎಂದಾಯಿತು. ಹಾಗಾಗಿ ಅತ್ತೆಯರು ಸಾಯುವ ಗಳಿಗೆಗೆ ಕಾದು, ಕೊನೆಯ ಉಸಿರಿನಲ್ಲಿ ಸೊಸೆಯ ಕಿವಿಯಲ್ಲಿ ಹೇಳುವ ರೂಢಿ ಬಿತ್ತು. ಉಸಿರು ಹೇಗೂ ಹೋಗುವುದೇ, ಅದನ್ನೇ ತೆಗೆದುಕೊಳ್ಳಲಿ ಎಂಬ ಲೆಕ್ಕಾಚಾರ. ಹೇಳಿದವಳೆಲ್ಲ ಸತ್ತಳು, ನೋಡಿದಿರಾ, ಎಂದು ಮುಂದಿನವಳು ಇನ್ನಷ್ಟು ನಂಬಿದಳು. ಸಾಯುವ ಹೊತ್ತಿನಲ್ಲಿ ಹೇಳಿದವಳು ಸಾಯದೆ ಇನ್ನೇನು ಮಾಡಿಯಾಳು ಎಂದು ಕೇಳುವ ಬುದ್ಧಿ ಏಳು ತಲೆಮಾರಿನಲ್ಲಿ ಒಬ್ಬರಿಗೂ ಬರಲಿಲ್ಲ. ಹೆದರಿಕೆ ಇದ್ದಲ್ಲಿ ಅಷ್ಟು ಸಣ್ಣ ಪ್ರಶ್ನೆ ಹೊಳೆಯುವುದು ಕಷ್ಟ.

ವಿಮಾನ ನಿಲ್ದಾಣದ ಸುದ್ದಿ ಬಂದಾಗ ಆ ಮನೆಯ ಹಿರಿಸೊಸೆಯ ಸ್ಥಾನದಲ್ಲಿದ್ದವಳು ಹಂಪವ್ವ. ಅರವತ್ತು ದಾಟಿದ್ದರೂ ಗಟ್ಟಿಮುಟ್ಟು. ಗಂಡ ತೀರಿದ್ದ. ಒಬ್ಬನೇ ಮಗ ಮದುವೆಯಾದ ಎರಡನೆಯ ವರ್ಷ ಜ್ವರ ಬಂದು ಹೋಗಿದ್ದ. ಅವನ ಹೆಂಡತಿ ಕಸ್ತೂರಿಯನ್ನು ಕರೆದೊಯ್ಯಲು ತವರಿನವರು ಬಂಡಿ ತಂದರು; ಆಕೆ ಸುಗ್ಗಿ ಮುಗಿಯಲಿ ಎಂದಳು. ಸುಗ್ಗಿ ಮುಗಿಯಿತು, ಮುಂದಿನ ಬಿತ್ತನೆ ಬಂತು, ಹೀಗೆ ಒಂಬತ್ತು ವರ್ಷ ನಾಳೆ ಹೋಗುತ್ತೇನೆ ನಾಡಿದ್ದು ಹೋಗುತ್ತೇನೆ ಎಂದೇ ಅತ್ತೆಯ ಬೆನ್ನಿಗೆ ಉಳಿದಳು. ಇಬ್ಬರೂ ದಿನಕ್ಕೊಮ್ಮೆ ಜಗಳಾಡುತ್ತಿದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆ ಮನೆಯಲ್ಲಿ ಇದ್ದದ್ದು ಈ ಎರಡೇ ಉಸಿರು ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು.

ಮೊದಲ ಯೋಜನೆ ಸಣ್ಣದು. ಸುತ್ತಲಿನ ಐದಾರು ಜಿಲ್ಲೆಗೆ ಅನುಕೂಲವಾಗಲಿ ಎಂದು ಒಂದು ಓಡುದಾರಿ, ಒಂದು ಕಟ್ಟಡ. ಗುಡ್ಡವಿಲ್ಲದ ಬಯಲು, ವರ್ಷವಿಡೀ ಪಡುವಣ ಗಾಳಿ, ಹತ್ತಿರದಲ್ಲೇ ಹೆದ್ದಾರಿ, ಇನ್ನೇನು ಬೇಕು ಎಂದು ಬಂದವರೆಲ್ಲ ತಲೆದೂಗಿದರು. ಊರು ಖಾಲಿ ಮಾಡಿ ಮೂರು ಮೈಲಿ ಆಚೆ ಹೊಸ ಕಾಲೊನಿಗೆ ಹೋಗಬೇಕಾಯಿತು. ಹೋಗುವ ಮೊದಲು ಅಧಿಕಾರಿಗಳು ಗುಡಿಯ ಮುಂದೆ ಕುರ್ಚಿ ಹಾಕಿ ಕೂತು ಊರಿನ ಬಾವಿ, ಗೋರಿ, ಗಿಡ, ಹಗೇವುಗಳನ್ನು ಕೇಳಿ ಬರೆದುಕೊಂಡರು. ಗಂಡಸರು ತಮ್ಮ ತಮ್ಮ ಹಗೇವು ತೋರಿಸಿದರು. ಅವೆಲ್ಲವನ್ನೂ ತೆರೆದು ಗರಸು ತುಂಬಿ ಕುಟ್ಟಲಾಯಿತು. ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದಾಗ ಹೆಂಗಸರ ಸಾಲಿನಲ್ಲಿ ಕೂತಿದ್ದ ಹಂಪವ್ವನ ಬಾಯಿ ತೆರೆಯಿತು. ಪಕ್ಕದಲ್ಲಿ ಕಸ್ತೂರಿ ಕಡ್ಡಿಯಿಂದ ನೆಲ ಗೀರುತ್ತಾ ಕೂತಿದ್ದಳು. ಹಂಪವ್ವ ಬಾಯಿ ಮುಚ್ಚಿಕೊಂಡಳು. ಹಳೆಯ ಊರಿನ ಜಾಗ ನಕ್ಷೆಯಲ್ಲಿ ಬರೀ ಹುಲ್ಲುಗಾವಲು, ಅಲ್ಲಿ ಯಾರೂ ಏನೂ ಕಟ್ಟುವುದಿಲ್ಲ ಎಂದು ಅಧಿಕಾರಿಯೇ ಹೇಳಿದ್ದರಿಂದ ಆಕೆಗೆ ಸಮಾಧಾನವೂ ಆಯಿತು. ಕೊಟ್ಟಿಗೆಯನ್ನು ಯಂತ್ರ ಕೆಡವಿದ ದಿನ ಕೈಮುಗಿದು ಕಾಲೊನಿಗೆ ನಡೆದಳು.

ಎರಡು ವರ್ಷದ ಮೇಲೆ ಯೋಜನೆ ಉಬ್ಬಿತು. ಹೊರದೇಶದ ವಿಮಾನಗಳೂ ಇಲ್ಲೇ ಇಳಿಯಲಿ ಎಂದು ಮೇಲಿನವರು ತೀರ್ಮಾನಿಸಿದರು. ದೊಡ್ಡ ವಿಮಾನಕ್ಕೆ ಉದ್ದದ ಓಡುದಾರಿ ಬೇಕು, ನಿಲ್ಲಲು ಅಗಲದ ಅಂಗಳ ಬೇಕು. ಅಂಗಳ ಮೂಡಲಿಗೆ ಬೆಳೆದು ಹಳೆಯ ಊರಿನ ನೆತ್ತಿಯ ಮೇಲೆ ಬಂತು. ಕಾಲೊನಿಯ ಹೆಂಗಸರಿಗೆಲ್ಲ ಅಲ್ಲಿ ಕೂಲಿ ಸಿಕ್ಕಿತು; ಕಸ್ತೂರಿಯೂ ಹೋದಳು. ಗರಸು ಹರಡಿ, ಟ್ಯಾಂಕರಿನ ಪೈಪು ಹಿಡಿದು ನೀರು ಹೊಡೆಯುವುದು, ಹಿಂದೆ ರೋಲರು ಬರುವಾಗ ಮುಂದೆ ನಡೆದು ದಾರಿ ತೋರುವುದು ಅವಳ ಕೆಲಸ. ಕಸ್ತೂರಿ ಮೊದಲ ದಿನ ಕೆಲಸದಿಂದ ಬಂದು, ನಾವು ಈಗ ನಮ್ಮ ಹಿತ್ತಿಲಿನ ಮೇಲೆ ರಸ್ತೆ ಮಾಡುತ್ತಿದ್ದೇವೆ ಎಂದು ನಗುತ್ತಾ ಹೇಳಿದಾಗ ಹಂಪವ್ವನ ಕೈಯ ರೊಟ್ಟಿ ಹೆಂಚಿನ ಮೇಲೆಯೇ ಸೀದು ಕರಿಯಾಯಿತು.

ಅಂದಿನಿಂದ ಆಕೆಗೆ ನಿದ್ದೆಯಿಲ್ಲ, ಅನ್ನ ರುಚಿಸದು. ಹೇಳದಿದ್ದರೆ ಒಂದು ದಿನ ರೋಲರಿನ ಭಾರಕ್ಕೆ ನೆಲ ಕುಸಿದು ಮುಂದೆ ನಡೆಯುವ ಕಸ್ತೂರಿ ಹೋಗುತ್ತಾಳೆ, ಹಿಂದೆ ಕೂತ ಚಾಲಕ ಹೋಗುತ್ತಾನೆ. ಅವತ್ತು ನೆಲ ತಡೆದರೂ ಮುಂದೆ ಜನ ತುಂಬಿದ ವಿಮಾನ ನಿಲ್ಲುವ ಜಾಗ ಅದು. ಹೇಳಿದರೆ ಮನೆಯ ಎರಡು ಉಸಿರಿನಲ್ಲಿ ಒಂದು ಹೋಗುತ್ತದೆ. ತನ್ನದೇ ಹೋಗುವುದಾದರೆ ಚಿಂತೆಯಿಲ್ಲ, ಆದರೆ ಹಗೇವಿಗೆ ಎಳೆಯದು ಹಳೆಯದು ಎಂಬ ಭೇದವಿದೆಯೋ ಇಲ್ಲವೋ ಯಾರು ಬಲ್ಲರು? ಕೂಲಿ ಬಿಟ್ಟುಬಿಡು ಎಂದು ಸೊಸೆಯನ್ನು ಬೇಡಿಕೊಂಡಳು. ಏಕೆ ಎಂದರೆ ಹೇಳುವಂತಿಲ್ಲ. ಕಸ್ತೂರಿ ಸೊಂಟಕ್ಕೆ ಕೈಕೊಟ್ಟು, ಬಿಸಿಲಿಗೆ ನಾನು ಕರಗುವ ಬೆಣ್ಣೆಯಲ್ಲ ಎಂದು ಹೊರಟುಹೋದಳು. ಕಡೆಗೆ ಹಂಪವ್ವ ಸಾಯಲು ತೀರ್ಮಾನಿಸಿದಳು. ಸಾಯುವ ಗಳಿಗೆ ಬಂದರೆ ರೂಢಿಯಂತೆ ಹೇಳಿಬಿಡಬಹುದಲ್ಲ! ಕಂಬಳಿ ಹೊದ್ದು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಆ ಗಟ್ಟಿ ದೇಹಕ್ಕೆ ಸಾವು ಎಲ್ಲಿಂದ ಬರಬೇಕು? ಮೂರನೆಯ ದಿನ ಬೆಳಿಗ್ಗೆ ಬಂದದ್ದು ಹಸಿವು. ಕಸ್ತೂರಿ ಬಿಸಿ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿ ಮುಂದಿಟ್ಟಳು. ಹಂಪವ್ವ ಅಳುತ್ತಲೇ ಮೂರು ರೊಟ್ಟಿ ಮುರಿದಳು.

ಜಾಗವನ್ನು ತಾನೇ ಗುರುತಿಸಿ, ಕಸ್ತೂರಿಗೆ ಆ ಕಡೆ ಹೋಗಬೇಡ ಎಂದಷ್ಟೇ ಹೇಳಿ ಮುಗಿಸೋಣವೆಂದು ಒಂದು ದಿನ ಬುತ್ತಿ ಕೊಡುವ ನೆಪದಲ್ಲಿ ಅಲ್ಲಿಗೆ ಹೋದಳು. ಹೋಗಿ ನಿಂತರೆ ಬೇವಿನ ಮರವಿಲ್ಲ, ಗುಡಿಯಿಲ್ಲ, ಓಣಿಯಿಲ್ಲ. ಕಣ್ಣು ಹಾಯುವವರೆಗೆ ಕೆಂಪು ಗರಸಿನ ಒಂದೇ ಹಾಸು. ಕೊಟ್ಟಿಗೆ ಎಲ್ಲಿತ್ತು, ಮನೆ ಎಲ್ಲಿತ್ತು, ತಾನು ನಲವತ್ತು ವರ್ಷ ನೀರು ಹೊತ್ತು ನಡೆದ ದಾರಿ ಎಲ್ಲಿ, ಒಂದೂ ತಿಳಿಯಲಿಲ್ಲ. ಲೋಕದಲ್ಲಿ ಆ ಹಗೇವಿನ ಬಾಯಿ ಬಲ್ಲವಳು ತಾನೊಬ್ಬಳು, ತನಗೂ ಈಗ ಅದು ತಿಳಿಯದು. ಕಾಲಿಟ್ಟ ಕಡೆಯೆಲ್ಲ ಅದೇ ಇರಬಹುದು ಎನ್ನಿಸಿ ಆಕೆ ಬಂದ ಹೆಜ್ಜೆಗುರುತಿನ ಮೇಲೆಯೇ ಹೆಜ್ಜೆ ಇಟ್ಟು ಹಿಂದಕ್ಕೆ ಬಂದಳು.

ಗುರುತು ಸಿಕ್ಕಿದ್ದು ಕಸ್ತೂರಿಯ ಬಾಯಿಂದ. ಒಂದು ಸಂಜೆ ಆಕೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಈಶಾನ್ಯದ ಮೂಲೆಯಲ್ಲಿ ಒಂದು ಕಡೆ ಎಷ್ಟು ನೀರು ಹೊಡೆದರೂ ನಿಲ್ಲುತ್ತಿಲ್ಲ, ಕುಡಿದುಬಿಡುತ್ತದೆ, ನಾಳೆ ನಡುಗುವ ದೊಡ್ಡ ರೋಲರು ತಂದು ಅಲ್ಲಿ ನಾಲ್ಕು ಸಲ ಓಡಿಸುತ್ತಾರಂತೆ ಎಂದಳು. ವಿಮಾನ ಇಳಿಸಿ ನೋಡುವ ದಿನಕ್ಕೆ ಇನ್ನು ಇಪ್ಪತ್ತೇ ದಿನ ಉಳಿದಿದ್ದರಿಂದ ಎಲ್ಲರಿಗೂ ಅವಸರವಿತ್ತು. ಹಂಪವ್ವ ಸೊಸೆಯ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಆಕೆಯ ಕಾಲನ್ನು ತಾನೇ ತಿಕ್ಕಿದಳು. ಅತ್ತೆ ಸೊಸೆಯ ಕಾಲು ತಿಕ್ಕುವುದು ಯಾವ ಊರಿನ ಪದ್ಧತಿ ಎಂದು ಕಸ್ತೂರಿ ಕಾಲೆಳೆದುಕೊಂಡರೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ರೋಲರಿನ ಚಾಲಕ ಬಾಬಾಜಾನ ಯಂತ್ರ ಚಾಲೂ ಮಾಡಿ ನೋಡುತ್ತಾನೆ, ಮೂಲೆಯಲ್ಲಿ ಒಬ್ಬ ಮುದುಕಿ ಒನಕೆ ಹಿಡಿದು ನೆಲ ಕುಟ್ಟುತ್ತಿದ್ದಾಳೆ. ಎರಡು ಹೆಜ್ಜೆಗೊಮ್ಮೆ ಕುಟ್ಟುವುದು, ತಲೆ ಓರೆ ಮಾಡಿ ಕೇಳುವುದು. ಹಗೇವಿನ ಬಾಯಿ ಹುಡುಕಲು ಇಲ್ಲಿಯ ಹೆಂಗಸರು ಮಾಡುವುದೇ ಹೀಗೆ. ಒಂದು ಕಡೆ ಒನಕೆಯ ಸದ್ದು ಬದಲಾಯಿತು. ಹಂಪವ್ವ ಒನಕೆ ಪಕ್ಕಕ್ಕಿಟ್ಟು, ಸೆರಗು ಹೊದ್ದು, ಅಲ್ಲಿಯೇ ಕೂತಳು. ಎಲ್ಲರನ್ನೂ ಕರೆಯಿರಿ, ನಾನು ಹೇಳುವುದಿದೆ ಎಂದಳು. ಉಸಿರು ಎಳೆಯುವುದಾದರೆ ಬಾಯಿಗೆ ಹತ್ತಿರ ಕೂತವಳದನ್ನೇ ಎಳೆಯಲಿ ಎಂಬುದು ಆಕೆಯ ಲೆಕ್ಕ. ಇಂಜಿನಿಯರು ನಂಜುಂಡಯ್ಯ ಬಂದರು. ಮೈಸೂರು ಕಡೆಯವರು, ಸಾಧು ಮನುಷ್ಯ, ಆದರೆ ಮೂರು ವಾರದಿಂದ ನಿದ್ದೆಗೆಟ್ಟವರು. ಕಸ್ತೂರಿ ನಾಚಿಕೆಯಿಂದ ಕೆಂಪಾಗಿ ಅತ್ತೆಯ ತೋಳು ಹಿಡಿದು ಎಬ್ಬಿಸಲು ನೋಡಿದಳು. ಹಂಪವ್ವ ಅವಳನ್ನು ದೂರ ತಳ್ಳಿ, ಇಪ್ಪತ್ತು ಹೆಜ್ಜೆ ಆಚೆ ನಿಲ್ಲುವಂತೆ ಹೇಳಿ, ಆಮೇಲೆ ಬಾಯಿಬಿಟ್ಟಳು.

"ಸಾಹೇಬ್ರ, ಇದರ ಕೆಳಗ ಊರ ಹಗೇವ ಐತ್ರಿ. ಒಳಗ ಮೂರು ಮಂದಿ ಅದಾರ. ನಾನ ಹೇಳೀನಿ, ನನ್ನ ಬಾಯಿಂದ ಬಂದೈತಿ. ಇದರಾಗ ನನ್ನ ಸೊಸಿದು ಏನೂ ಇಲ್ಲ."

ಕೊನೆಯ ಮಾತು ಯಾರಿಗೆ ಹೇಳಿದ್ದೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಅದು ಕೆಳಗಿನದಕ್ಕೆ ಹೇಳಿದ್ದು. ನಂಜುಂಡಯ್ಯನವರು ಬೈಯಲಿಲ್ಲ, ನೀರು ನಿಲ್ಲದ ಗುಟ್ಟು ಅವರಿಗೂ ಈಗ ಹೊಳೆಯಿತು. ಆಕೆಯನ್ನು ಗೌರವದಿಂದ ಪಕ್ಕಕ್ಕೆ ಕೂರಿಸಿ ನೆಲ ಕೆದರಿಸಿದರು. ಎದೆಯಾಳದಲ್ಲಿ ಚಪ್ಪಡಿ ಸಿಕ್ಕಿತು. ಅದನ್ನು ಮೀಟಿ ಸರಿಸಿದಾಗ ಹೊತ್ತು ನೆತ್ತಿಗೇರುತ್ತಿತ್ತು. ಕಪ್ಪು ಬಾಯಿ ತೆರೆದುಕೊಂಡಿತು. ಒಳಗಿನಿಂದ ಸದ್ದೂ ಇಲ್ಲ, ನಾತವೂ ಇಲ್ಲ. ಸೇರಿದ್ದ ನೂರು ಜನ ಒಂದು ಹೆಜ್ಜೆ ಹಿಂದೆ ಸರಿದರು. ಕಂದೀಲು ಇಳಿಸಿರಿ, ಇವತ್ತು ಬೇಡ, ನಾಳೆ ನೋಡಿರಿ ಎಂದು ಹಂಪವ್ವ ಹೇಳುತ್ತಲೇ ಇದ್ದಳು. ನಂಜುಂಡಯ್ಯನವರ ಕೈಯಲ್ಲಿ ಒಳ್ಳೆಯ ಟಾರ್ಚಿತ್ತು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು; ಅದು ತಳದವರೆಗೂ ಹಾಲಿನಂತೆ ಬೆಳಗಿತು. ನೋಡಿ ಅಜ್ಜಿ, ಆರಲಿಲ್ಲ ಎಂದರು ಅವರು, ಆಕೆಯ ರೀತಿಯನ್ನೇ ಪಾಲಿಸಿದ ತೃಪ್ತಿಯಿಂದ. ಟಾರ್ಚಿಗೆ ಉಸಿರಾಡುವ ಕೆಲಸವಿಲ್ಲ ಎಂಬುದು ಅಷ್ಟು ಓದಿದವರಿಗೆ ಆ ಅವಸರದಲ್ಲಿ ಹೊಳೆಯಲಿಲ್ಲ. ಅಗಲ ಎಷ್ಟಿದೆ, ಎಷ್ಟು ತುಂಬಬೇಕು ಎಂದು ಅಳೆದು ಬರುತ್ತೇನೆಂದು ಏಣಿ ಇಳಿಸಿದರು; ಹಂಪವ್ವ ಏಳುವಷ್ಟರಲ್ಲಿ ಅವರ ತಲೆ ನೆಲದ ಕೆಳಗೆ ಹೋಗಿತ್ತು. ಐದನೆಯ ಮೆಟ್ಟಿಲಿನಲ್ಲಿ ಅವರ ಕೈ ಸಡಿಲವಾಯಿತು. ಧಡ್ ಎಂದ ಸದ್ದು ಮಾತ್ರ ಮೇಲೆ ಬಂತು.

ಎಲ್ಲರಿಗಿಂತ ಮೊದಲು ಓಡಿ ಬಂದವಳು ಕಸ್ತೂರಿ. ಬಾಯಿ ಇಕ್ಕಟ್ಟು, ತಾನು ಸಣ್ಣ ಮೈಯವಳು, ಸಾಹೇಬರು ಕಾಲು ಜಾರಿ ಬಿದ್ದಿದ್ದಾರೆ ಎಂದು ಸೀರೆಯ ನಿರಿಗೆ ಮೇಲೆ ಸಿಕ್ಕಿಸಿ ಏಣಿಗೆ ಕಾಲಿಟ್ಟೇಬಿಟ್ಟಳು. ಹಂಪವ್ವನ ಕಣ್ಣೆದುರಿಗೆ ಏಳು ತಲೆಮಾರಿನ ಹೆದರಿಕೆ ಎದ್ದು ನಿಂತಿತು. ಹೇಳಿ ಇನ್ನೂ ಒಂದು ಹೊತ್ತಾಗಿಲ್ಲ, ಅಮಾವಾಸ್ಯೆಗೂ ಕಾಯದೆ ಆಗಲೇ ಅದು ಎಳೆದುಕೊಳ್ಳುತ್ತಿದೆ. ಆಕೆ ಸೊಸೆಯ ಜಡೆ ಹಿಡಿದು ಮೇಲಕ್ಕೆ ಜಗ್ಗಿ, ಹಗೇವಿನ ಬಾಯಿಗೆ ಅಡ್ಡಲಾಗಿ ತಾನು ಕಾಲು ಚಾಚಿ ಕೂತುಬಿಟ್ಟಳು. ಜನ ಕೂಗಾಡಿದರು. ಮನುಷ್ಯನ ಜೀವ ಹೋಗುವಾಗ ಇದೇನು ಹಟ ಎಂದು ಒಬ್ಬ ಆಕೆಯ ರಟ್ಟೆ ಹಿಡಿದು ಎಳೆದ. ಹಂಪವ್ವ ಬಾಬಾಜಾನನನ್ನು ಮಾತ್ರ ನೋಡಿದಳು.

"ಒಬ್ಬನ ಹಿಂದ ಒಬ್ಬ ಇಳದ ಮೂರೂ ಮಂದಿ ಹೋಗ್ಯಾರಪಾ. ಆ ಸಿಮೆಂಟ ಒಡಿಯೋ ಮಷಿನ್ನಿಗೆ ಗಾಳಿ ಊದತೀರಲ್ಲ, ಆ ಪೈಪ ತಾ. ಒಳಗ ಗಾಳಿ ಬಿಡು."

ಕಂಪ್ರೆಸರ್ ಹತ್ತಿರದಲ್ಲೇ ಇತ್ತು. ಬಾಬಾಜಾನ ಅದರ ಪೈಪನ್ನು ಎಳೆದು ತಂದು ಒಳಗೆ ಬಿದ್ದವರ ಮುಖದ ನೇರಕ್ಕೆ ಇಳಿಬಿಟ್ಟು ಗಾಳಿ ಹಾಯಿಸಿದ. ಹಗೇವಿನಿಂದ ನೂರಾರು ವರ್ಷದ ಧೂಳು ಹೊಗೆಯಂತೆ ಮೇಲೆದ್ದು ಹಂಪವ್ವನ ಮುಖ ಮೈ ಮುಚ್ಚಿತು. ಆಕೆ ಕದಲಲಿಲ್ಲ, ಒಂದು ಕೈಯಲ್ಲಿ ಸೊಸೆಯ ಜಡೆ ಇನ್ನೂ ಬಿಗಿಯಾಗಿ ಹಿಡಿದಿದ್ದಳು. ಮೇಸ್ತ್ರಿಯ ಗುಡಿಸಲಿನಿಂದ ತಂದ ಕಂದೀಲನ್ನು ಇಳಿಸಿದರು. ನಡುವಿಗೆ ಹೋಗಿ ಆರಿತು. ಮತ್ತೆ ಗಾಳಿ ಬಿಟ್ಟರು, ಮತ್ತೆ ಹಚ್ಚಿ ಇಳಿಸಿದರು. ಎಲೆ ಅಡಿಕೆ ಹಾಕಿ ಮೆಲ್ಲುವಷ್ಟು ಹೊತ್ತು ಅಷ್ಟೇ ಆದದ್ದು, ಅಲ್ಲಿದ್ದವರಿಗೆ ಒಂದು ದಿನ ಕಳೆದಂತಾಯಿತು. ಈ ಸಲ ಕಂದೀಲಿನ ಕುಡಿ ಬಗ್ಗಿತು, ನಡುಗಿತು; ಕಂದೀಲು ಆರದೆ ತಳ ಮುಟ್ಟಿ ನಿಂತಿತು.

ಈಗ ಇಳಿಯುವವರು ಬೇಕು. ಬಾಬಾಜಾನ ಮುಂದೆ ಬಂದ, ಭುಜ ಬಾಯಿಯಲ್ಲಿ ತೂರಲಿಲ್ಲ. ಉಳಿದ ಗಂಡಸರು ಒಬ್ಬರ ಹಿಂದೆ ಒಬ್ಬರು ಸರಿದರು. ಕಸ್ತೂರಿ ಅತ್ತೆಯ ಮುಖ ನೋಡಿದಳು. ಹಂಪವ್ವನ ಎದೆಯೊಳಗೆ ಆಗ ಏನಾಯಿತೆಂದು ಆಕೆ ಮುಂದೆ ಎಂದೂ ಹೇಳಲಿಲ್ಲ. ಜಡೆ ಬಿಟ್ಟಳು. ಹಗ್ಗವನ್ನು ಸೊಸೆಯ ಸೊಂಟಕ್ಕೆ ತನ್ನ ಕೈಯಾರೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು. "ದನಿ ತೆಗದ ಎಣಿಸಿಕೋತ ಇಳಿ. ದನಿ ನಿಂತರ ನಾ ಜಗ್ಗತೀನಿ" ಎಂದಳು. ಕಸ್ತೂರಿ ಒಂದು, ಎರಡು ಎಂದು ಎಣಿಸುತ್ತಾ ಇಳಿದಳು. ಹನ್ನೊಂದರವರೆಗೆ ದನಿ ಬಂತು. ಹನ್ನೆರಡು ಬರಲಿಲ್ಲ. ಹಂಪವ್ವ ಹಗ್ಗಕ್ಕೆ ಮೈಯ ಭಾರವೆಲ್ಲ ಹಾಕಿ ಹಿಂದಕ್ಕೆ ಬಾಗಿದಳು. ಅಷ್ಟರಲ್ಲಿ ಒಳಗಿನಿಂದ ಸಣ್ಣಗೆ, ನಡುಗುತ್ತಾ, ಹನ್ನೆರಡು ಎಂದು ಕೇಳಿಸಿತು. ಕಂದೀಲಿನ ಬೆಳಕಿನಲ್ಲಿ ಕಸ್ತೂರಿ ಗೋಡೆಗೆ ಒರಗಿದ್ದ ಮೂವರನ್ನು ಕಂಡಿದ್ದಳು. ಒಬ್ಬರ ತೊಡೆಯ ಮೇಲೆ ಒಬ್ಬರ ತಲೆ ಇತ್ತಂತೆ. ಆಮೇಲೆ ಎಣಿಕೆ ನಿಲ್ಲಲಿಲ್ಲ. ಇನ್ನೊಂದು ಹಗ್ಗದಲ್ಲಿ ಕಟ್ಟಿದ ನಂಜುಂಡಯ್ಯನವರು ಮೇಲೆ ಬಂದರು, ಮುಖ ನೀಲಿಗಟ್ಟಿತ್ತು, ಉಸಿರಿತ್ತು. ಅವರ ಹಿಂದೆಯೇ ಕಸ್ತೂರಿ ಬಂದಳು. ಹಂಪವ್ವ ಸೊಸೆಯ ಕೆನ್ನೆಗೆ ಒಂದು ಬಾರಿಸಿ, ತಬ್ಬಿಕೊಂಡು ಅತ್ತಳು.

ನಂಜುಂಡಯ್ಯನವರು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು. ಮೂವರ ಎಲುಬುಗಳನ್ನು ಊರವರು ಮಣ್ಣು ಮಾಡಿದರು. ಹಗೇವನ್ನು ತುಂಬಿ ಗಟ್ಟಿ ಮಾಡಲಾಯಿತು. ಅದರ ಮೇಲೆ ವಿಮಾನ ನಿಲ್ಲಿಸಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಆ ಇಂಜಿನಿಯರು ಮೇಲಿನವರೊಡನೆ ವಾದ ಮಾಡಿ ಅಂಗಳದ ಮೂಲೆ ಕತ್ತರಿಸಿ, ಬೇಲಿ ಒಳಕ್ಕೆ ತಂದು, ಕಟ್ಟೆ ಹಾಕಿಸಿದರು. ಹೇಳಿದ ದಿನಕ್ಕಿಂತ ಒಂದು ತಿಂಗಳು ತಡವಾಗಿ ಮೊದಲ ವಿಮಾನ ಇಳಿಯಿತು. ಜನ ಕೈತಟ್ಟಿದರು, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಬಹುದಿತ್ತು.

ಹಂಪವ್ವನ ಪಾಲಿಗೆ ಮುಗಿಯಲಿಲ್ಲ. ಗುಟ್ಟು ಒಡೆದಿತ್ತು, ಉಸಿರು ಸಂದಾಯವಾಗಿರಲಿಲ್ಲ. ಹಗೇವು ಬಾಕಿ ಬಿಡುವಂಥದ್ದಲ್ಲ ಎಂದು ಆಕೆ ನಂಬಿದ್ದಳು. ಮುಂದಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ಸೊಸೆಗೆ ಉಸಿರಿನ ಬಾಕಿಯ ಮಾತೆಲ್ಲ ಹೇಳಿ, ಮನೆಯಿಂದ ಹೊರಬಾರದಂತೆ ಆಣೆ ಹಾಕಿ, ತಾನು ಮೂರು ಮೈಲಿ ನಡೆದು ಬಂದು ಆ ಕಟ್ಟೆಯ ಮೇಲೆ ಕೂತಳು. ಹೊತ್ತು ಮುಳುಗುವವರೆಗೂ ಕೂತಳು. ಎಳೆದುಕೊಳ್ಳುವುದಾದರೆ ನಾನು ಇಲ್ಲಿದ್ದೇನೆ, ಮನೆಗೆ ಹೋಗಬೇಡ ಎಂದು ಹಗೇವಿಗೆ ಹೇಳಿಕೊಂಡಳು. ಏನೂ ಆಗಲಿಲ್ಲ. ಅದರ ಮುಂದಿನ ಅಮಾವಾಸ್ಯೆಗೂ ಬಂದಳು. ಹೀಗೆ ಹನ್ನೊಂದು ವರ್ಷ, ಮಳೆಯಿರಲಿ ಬಿಸಿಲಿರಲಿ, ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ. ಕಾವಲಿನವರು ಏಳಿಸಲು ಬಂದರೆ ನಂಜುಂಡಯ್ಯನವರು ಬರೆದುಕೊಟ್ಟ ಚೀಟಿ ತೋರಿಸುತ್ತಿದ್ದಳು. ಹೊರದೇಶಕ್ಕೆ ಹೋಗುವವರು, ಬರುವವರು ಕಾರಿನಿಂದ ನೋಡಿ, ಪಾಪ, ಯಾರಿಗೋ ಕಾಯುತ್ತಿರಬೇಕು ಎಂದುಕೊಳ್ಳುತ್ತಿದ್ದರು. ಒಂದು ರೀತಿಯಲ್ಲಿ ಅದು ಸರಿಯೇ. ಕಸ್ತೂರಿ ಮೊದಮೊದಲು ನಕ್ಕಳು, ಆಮೇಲೆ ಜಗಳಾಡಿದಳು, ಕಡೆಗೆ ಸುಮ್ಮನಾಗಿ ಆವತ್ತಿನ ಬುತ್ತಿ ಕಟ್ಟಿಕೊಡತೊಡಗಿದಳು. ಹೆದರಿದವರಿಗೆ ಹೆದರಬೇಡ ಎಂದು ಹೇಳಿ ಪ್ರಯೋಜನವಿಲ್ಲ ಎಂಬುದು ಆಕೆಗೆ ಹಗೇವಿನೊಳಗೆ ಇಳಿದ ದಿನವೇ ಗೊತ್ತಾಗಿತ್ತು.

ಹನ್ನೆರಡನೆಯ ವರ್ಷದ ಮಾಘದಲ್ಲಿ ಹಂಪವ್ವನಿಗೆ ಜ್ವರ ಬಂತು. ಈ ಸಲ ದೇಹ ಹಟ ಮಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲಿನಿಂದ ಬಿಸಿಲು ಒಳಗೆ ಬಂದಿದ್ದಾಗ ಆಕೆ ಕಣ್ಣು ತೆರೆದು ಇವತ್ತು ಯಾವ ದಿನವೆಂದು ಕೇಳಿದಳು. ಅಮಾವಾಸ್ಯೆ ಕಳೆದು ಆರು ದಿನವಾಗಿತ್ತು. ಕಸ್ತೂರಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು.

"ಇವತ್ತ ಅಮಾಸಿ ಐತಿ, ಅತ್ತಿ."

ಹಂಪವ್ವನ ಮುಖ ಹಗುರಾಯಿತು. ಅಷ್ಟು ವರ್ಷದಲ್ಲಿ ಆ ಮುಖ ಹಾಗಾದದ್ದನ್ನು ಕಸ್ತೂರಿ ನೋಡಿರಲಿಲ್ಲ. "ಅಂದ್ರ ನನ್ನನ್ನ ತಗೊಂತು" ಎಂದಳು ಆಕೆ. "ಇನ್ನ ನೀ ಹೆದರಬ್ಯಾಡ." ಕಸ್ತೂರಿ ಹೂಂ ಎಂದಳು. ಹೊತ್ತೇರುವ ಮೊದಲೇ ಹಂಪವ್ವ ತೀರಿಕೊಂಡಳು. ತಾನು ಹೇಳಿದ ಸುಳ್ಳನ್ನು ಕಸ್ತೂರಿ ಯಾರಿಂದಲೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ಹೇಳಿದಳು, ಆದ್ದರಿಂದಲೇ ಈ ಐತಿಹ್ಯ ಇಷ್ಟಾದರೂ ಉಳಿದಿದೆ.

ಕಟ್ಟೆಯ ಮೇಲೆ ಈಗ ಯಾರು ಬೇಕಾದರೂ ಕೂರುತ್ತಾರೆ. ಮಕ್ಕಳಿಗೆ ವಿಮಾನ ತೋರಿಸಲು ಬಂದವರು, ಬಾಡಿಗೆ ಕಾಯುವ ಆಟೋದವರು, ಬಸ್ಸು ತಪ್ಪಿದವರು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಅಲ್ಲಿದ್ದರೆ, ನಿಲ್ದಾಣದಲ್ಲಿ ಸ್ವಚ್ಛತೆಯ ಕೆಲಸ ಮಾಡುವ ನೀಲಿ ಅಂಗಿಯ, ನರೆಗೂದಲಿನ ಒಬ್ಬ ಹೆಂಗಸು ಗೇಟು ದಾಟಿ ಬರುವುದನ್ನು ನೋಡಬಹುದು. ಆಕೆ ಕಟ್ಟೆಯ ನಟ್ಟನಡುವೆ ಚಕ್ಕಳ ಮಕ್ಕಳ ಹಾಕಿ ಕೂತು, ಡಬ್ಬಿ ಬಿಚ್ಚಿ, ನಿಧಾನವಾಗಿ ಎರಡು ರೊಟ್ಟಿ ಉಣ್ಣುತ್ತಾಳೆ. ಅಮಾವಾಸ್ಯೆಯ ದಿನವೂ ಅಲ್ಲೇ ಉಣ್ಣುತ್ತಾಳೆ.